ಮಾರ್ತ್ ಗೋತಿಯೆ ಹೆಸರೂ ಬರಲಿ

ಮಾನ್ಯರೇ,

ಮಾರ್ಚ್ 21ರ ವಿಶ್ವ ಡೌನ್ ಸಿಂಡ್ರೋಮ್ ದಿನ ಬಂದಾಗ, ಈ ಸ್ಥಿತಿಯ ಕಾರಣ ಕಂಡುಹಿಡಿದವರೆಂದು ಫ್ರಾನ್ಸಿನ ವೈದ್ಯ ಜೆರೋಮ್ ಲೆಜೂನ್ ಹೆಸರು ಓದುತ್ತೇವೆ. ಮಾರ್ತ್ ಗೋತಿಯೆ ಹೆಸರು ಕಾಣುವುದು ಕಡಿಮೆ. ಅದಕ್ಕೇ ಈ ಪತ್ರ.

ಗೋತಿಯೆ ಪ್ಯಾರಿಸ್‌ನ ಮಕ್ಕಳ ವೈದ್ಯೆ. ಅಮೆರಿಕದಲ್ಲಿ ಜೀವಕೋಶ ಬೆಳೆಸುವುದನ್ನು ಕಲಿತು ಬಂದವರು. ಆದರೆ ಪ್ಯಾರಿಸ್‌ನಲ್ಲಿ ಲ್ಯಾಬಿಗೆ ದುಡ್ಡೇ ಇರಲಿಲ್ಲ. ಗಾಜಿನ ಸಾಮಾನಿಗೆ ಸ್ವಂತ ಸಾಲ ಮಾಡಿದರು. ಕೋಶ ಬೆಳೆಸಲು ಬೇಕಾದ ಸೀರಮ್‌ಗೆ ತಮ್ಮದೇ ರಕ್ತ ತೆಗೆದರು. ಪ್ಲಾಸ್ಮಾಕ್ಕೆಂದು ಹುಂಜ ಸಾಕಿದರು! 1958ರಲ್ಲಿ, ಡೌನ್ ಸಿಂಡ್ರೋಮ್ ಇರುವ ಮಗುವಿನಿಂದ ಅವರು ಬೆಳೆಸಿದ ಕೋಶಗಳಲ್ಲೇ 46ರ ಬದಲು 47 ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆಗಳು) ಕಂಡಿದ್ದು. ಫೋಟೊ ತೆಗೆಸಲು ಸ್ಲೈಡುಗಳನ್ನು ಲೆಜೂನ್ ಒಯ್ದರು ಎಂದು ಗೋತಿಯೆ ಮುಂದೆ ಹೇಳಿದ್ದಾರೆ. 1959ರ ಪ್ರಬಂಧದಲ್ಲಿ ಲೆಜೂನ್ ಹೆಸರೇ ಮೊದಲು. ಗೋತಿಯೆ ಹೆಸರು ಎರಡನೆಯದು, ಅದೂ ತಪ್ಪಾಗಿ ಅಚ್ಚಾಗಿತ್ತು. ಶೋಧದ ಶ್ರೇಯ ಯಾರಿಗೆ ಎಂಬ ವಿಚಾರದಲ್ಲಿ ಇಂದಿಗೂ ವಾದವಿದೆ, ನಿಜ. ಆದರೆ ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆ ಇನ್ಸರ್ಮ್‌ನ ನೈತಿಕ ಸಮಿತಿಯೇ 2014ರಲ್ಲಿ ಗೋತಿಯೆ ಪರ ಮಾತಾಡಿತು.

ಡೌನ್ ಸಿಂಡ್ರೋಮ್ ಇರುವ ನಮ್ಮ ಅಕ್ಕನ ಮಗನ ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳನ್ನು ಜೋಡಿಸಿ ತೋರಿಸುವ ಚಿತ್ರ) ರಿಪೋರ್ಟ್ ಮನೆಯ ಬೀರುವಿನಲ್ಲಿದೆ. ಗಿಡ್ಡ ಕಡ್ಡಿಗಳ ಹಾಗೆ ಎಲ್ಲ ಜೋಡಿ ಜೋಡಿ, 21ನೇ ಜಾಗದಲ್ಲಿ ಮಾತ್ರ ಮೂರು. ಗ್ರಹಣದಲ್ಲಿ ಹೊರಗೆ ಬಂದೆ, ಅದಕ್ಕೇ ಹೀಗಾಯ್ತು ಅಂತ ಅಕ್ಕನಿಗೆ ಜನ ಹೇಳಿದ್ದರು. ಹೆಚ್ಚಾಗಿ ಅಂಡಾಣು ರೂಪುಗೊಳ್ಳುವಾಗ ಒಂದು ಜೋಡಿ ಬೇರೆಯಾಗದೆ ಉಳಿಯುವುದರಿಂದ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ ಎಂದು ವೈದ್ಯರು ಆ ಹಾಳೆ ತೋರಿಸಿ ಬಿಡಿಸಿ ಹೇಳಿದರು. ಅಂದಿನಿಂದ ಅವಳು ತನ್ನನ್ನು ಬೈದುಕೊಳ್ಳುವುದು ನಿಂತಿತು.

ಗೋತಿಯೆ 2022ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ಮಾರ್ಚ್ 21ಕ್ಕೆ ದಯವಿಟ್ಟು ಅವರ ಫೋಟೊ ಹಾಕಿ.

– ಒಬ್ಬ ಓದುಗ, ಶಿವಮೊಗ್ಗ