ವಲಸೆ ಕಾರ್ಮಿಕರ ಪಡಿತರ ನಮ್ಮ ಪಾಲಲ್ಲ

ಮಾನ್ಯರೇ,

ಸೆಂಟ್ರಿಂಗ್, ಗಿಲಾವು, ಟೈಲ್ಸ್ ಕೆಲಸಕ್ಕೆ ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರೇ ಬೇಕು. ಅದೇ ಹುಡುಗರು ಹುಬ್ಬಳ್ಳಿಯ ನ್ಯಾಯಬೆಲೆ ಅಂಗಡಿಯ ಪಾಳಿಯಲ್ಲಿ ನಿಂತರೆ ಮಾತ್ರ ‘ನಮ್ಮ ಅಕ್ಕಿ ಇವರಿಗ್ಯಾಕ?’ ಎಂಬ ಮಾತು ಏಳುತ್ತದೆ. ಈ ಸಿಟ್ಟಿಗೆ ಬುಡವಿಲ್ಲ.

ಯಾವ ರಾಜ್ಯದ ಚೀಟಿ ಇದ್ದರೂ ಬೇರೆ ರಾಜ್ಯದಲ್ಲಿ ಪಡಿತರ ಪಡೆಯಬಹುದಾದ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ 2020ರಲ್ಲೇ ಸೇರಿದೆ. ಹೊರರಾಜ್ಯದ ಆದ್ಯತಾ (ಬಿಪಿಎಲ್) ಕುಟುಂಬದವರಿಗೆ ಇಲ್ಲಿ ಸಿಗುವುದು ಕೇಂದ್ರದ ಪಾಲಾದ ತಲಾ 5 ಕೆ.ಜಿ. ಧಾನ್ಯ ಅಷ್ಟೇ. ಇಲ್ಲಿ ಪಡೆದಷ್ಟು ಅವರ ಊರಿನ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಉಳಿದದ್ದನ್ನು ಅಲ್ಲಿರುವ ಹೆಂಡತಿ, ಮಕ್ಕಳು ಒಯ್ಯಬಹುದು. ಚೀಟಿ ಕೈಯಲ್ಲಿ ಇರಲೇಬೇಕೆಂದಿಲ್ಲ. ಚೀಟಿಯ ಅಥವಾ ಆಧಾರ್ ಸಂಖ್ಯೆ ಹೇಳಿ ಬೆರಳು ಒತ್ತಿದರೆ ಸಾಕು.

ತೊಡಕಾಗುವುದು ಅಲ್ಲೇ. ದಿನವಿಡೀ ಸಿಮೆಂಟು ಕಲಸುವವರ ಹೆಬ್ಬೆರಳಿನ ಗೆರೆಗಳು ಸವೆದಿರುತ್ತವೆ, ಯಂತ್ರ ಒಪ್ಪುವುದಿಲ್ಲ. ಅಂಗಡಿಯವರು ಒಂದೆರಡು ಸಲ ನೋಡಿ ‘ನಿಮ್ಮ ಕಾರ್ಡ್ ಇಲ್ಲಿ ನಡಿಯೂದಿಲ್ಲ’ ಎಂದು ಕಳಿಸಿಬಿಡುತ್ತಾರೆ. ಕೈ ತೊಳೆಸಿ, ಒರೆಸಿ, ಬೇರೆ ಬೆರಳು ಇಡಿಸಿ ನೋಡಬೇಕು. ಹತ್ತರಲ್ಲಿ ಯಾವುದಾದರೂ ಆದೀತು. ಆಧಾರ್ ಜೋಡಣೆಯೋ ಇ-ಕೆವೈಸಿಯೋ ಬಾಕಿ ಇದ್ದರೆ ಅದನ್ನು ಬಿಡಿಸಿ ಹೇಳಬೇಕು. ಈ ವ್ಯವಸ್ಥೆಯ ಸಹಾಯವಾಣಿ 14445.

ಅಂಗಡಿಯವರ ಕಷ್ಟವೂ ಸುಳ್ಳಲ್ಲ. ಅವರಿಗೆ ಧಾನ್ಯ ಬರುವುದು ತಮ್ಮಲ್ಲಿ ನೋಂದಾದ ಚೀಟಿಗಳ ಲೆಕ್ಕದಲ್ಲಿ. ಹೊರಗಿನವರಿಗೂ ಕೊಟ್ಟರೆ ತಿಂಗಳ ಕೊನೆಗೆ ದಾಸ್ತಾನು ತಗ್ಗುತ್ತದೆ, ಸ್ಥಳೀಯರು ಜಗಳ ತೆಗೆಯುತ್ತಾರೆ. ತಾರಿಹಾಳ, ಗೋಕುಲ ರಸ್ತೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಆಸುಪಾಸಿನ ಅಂಗಡಿಗಳಿಗೆ ಹಿಂದಿನ ತಿಂಗಳ ಹೊರರಾಜ್ಯದ ವಿತರಣೆ ನೋಡಿಕೊಂಡು ಆಹಾರ ಇಲಾಖೆ ಹೆಚ್ಚುವರಿ ಧಾನ್ಯ ಕೊಡಲಿ. ಆ ಲೆಕ್ಕ ಯಂತ್ರದಲ್ಲೇ ಇದೆ.

ಇನ್ನು ಬಾಡಿಗೆ ಮನೆಯ ಮಾತು. ‘ಇವರು ಯಾರು, ಎಲ್ಲಿಯವರು ಗೊತ್ತಿಲ್ಲ’ ಎನ್ನುವ ಮಾಲೀಕರೇ ಒಂದು ಕೋಣೆಗೆ ಆರೆಂಟು ಜನರನ್ನು ತುಂಬಿ, ತಲೆಗಿಷ್ಟೆಂದು ಹಣ ಎಣಿಸಿಕೊಳ್ಳುತ್ತಾರೆ. ಕರಾರುಪತ್ರ ಕೇಳಿದರೆ ಜಾರಿಕೊಳ್ಳುತ್ತಾರೆ. 11 ತಿಂಗಳ ಕರಾರಿಗೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದದ ಮೇಲೆ ಬರೆದುಕೊಂಡರೆ ಆಯಿತು. ಯಾರಿದ್ದಾರೆ ಎಂಬುದಕ್ಕೆ ಮಾಲೀಕರಿಗೆ ದಾಖಲೆ, ಗ್ಯಾಸ್ ಸಂಪರ್ಕಕ್ಕೆ ಬಾಡಿಗೆದಾರರಿಗೆ ವಿಳಾಸ. ಸಂಸಾರ ಕರೆತಂದವರ ಮಕ್ಕಳನ್ನು ಶಾಲೆಗೆ ಸೇರಿಸಲು ಇದೂ ಬೇಡ: ಟಿ.ಸಿ. ತಡವಾಯಿತೆಂದೋ ಜನನ ಪ್ರಮಾಣಪತ್ರ ಇಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕನ್ನಡ ಬರುವುದಿಲ್ಲ ಎಂದು ದೂರುವವರು ಆ ಮಕ್ಕಳನ್ನು ಓಣಿಯ ಸರ್ಕಾರಿ ಶಾಲೆಗೆ ತಾವೇ ಕರೆದೊಯ್ದು ಸೇರಿಸಲಿ.

– ಗೋಕುಲ ರಸ್ತೆಯ ನಿವಾಸಿಗಳು, ಹುಬ್ಬಳ್ಳಿ