ಬೀಡಿ ಕಟ್ಟುವವರ ಕೈಯನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದೇನೆ. ನಡುರಾತ್ರಿ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಕೈ ಕೊಡವಿದರೆ ತುಸು ಹಗುರ. ಕಿರುಬೆರಳಿಗೆ ಮಾತ್ರ ಏನೂ ಇಲ್ಲ. ವಾತವೆಂದುಕೊಂಡು ಎಣ್ಣೆ ತಿಕ್ಕುತ್ತಲೇ ಒಂದು ವರ್ಷ ಕಳೆದೆ. ಎಲೆ ಕತ್ತರಿಸುವಾಗ ಕತ್ತರಿಯೇ ಕೈಜಾರತೊಡಗಿದ ಮೇಲೆ ಮೂಳೆ ವೈದ್ಯರ ಬಳಿ ಹೋದೆ. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಇದು ಕಾರ್ಪಲ್ ಟನಲ್ ಸಿಂಡ್ರೋಮ್ ಎಂದರು. ಬೇಗ ಬಂದಿದ್ದರೆ ರಾತ್ರಿ ಕಟ್ಟುವ ಪಟ್ಟಿ, ಇಲ್ಲವೇ ಒಂದು ಸ್ಟಿರಾಯ್ಡ್ ಚುಚ್ಚುಮದ್ದು ಸಾಕಾಗುತ್ತಿತ್ತೇನೋ. ಹೆಬ್ಬೆರಳ ಬುಡದ ಮಾಂಸ ಆಗಲೇ ಕರಗಿತ್ತು; ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಅದೇ ಸಂಜೆ ಮನೆಗೆ ಕಳಿಸಿದರು. ಜೋಮು ಹೋಗಿದೆ, ಹಿಡಿತ ಪೂರ್ತಿ ಮರಳಿಲ್ಲ.

ನಮ್ಮ ಕಡೆ ಆರೋಗ್ಯ ಶಿಬಿರಗಳಲ್ಲಿ ಎದೆ, ಕಣ್ಣು ನೋಡುತ್ತಾರೆ. ನಾವು ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚುಗಳಿಗೇ ಬಂದು ನಮ್ಮ ಕೈಗಳನ್ನೂ ನೋಡಲಿ.

ಓರ್ವ ಬೀಡಿ ಕಾರ್ಮಿಕೆ, ಬಂಟ್ವಾಳ