ಮಕ್ಕಳ ಅನಾರೋಗ್ಯ ಮತ್ತು ಶಾಲೆಯಲ್ಲಿ ಔಷಧಿ ಕೊಡುವ ಬಗ್ಗೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ,

ವಂದನೆಗಳು.

ಕಳೆದ ವಾರ ನಾಲ್ಕನೇ ತರಗತಿಯ ಮಗುವೊಂದಕ್ಕೆ ಮಧ್ಯಾಹ್ನದ ಹೊತ್ತಿಗೆ ಜ್ವರ ಏರಿದಾಗ, ಚೀಲದಲ್ಲಿಯೇ ಔಷಧಿ ಇದ್ದರೂ ತರಗತಿಯ ಶಿಕ್ಷಕಿ ಅದನ್ನು ಕುಡಿಸದೆ ತಾಯಿಯನ್ನು ಫೋನ್ ಮಾಡಿ ಕರೆಸಿಕೊಂಡರು. ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದ ಆ ತಾಯಿ ನನ್ನ ಕೊಠಡಿಯಲ್ಲಿ ಕುಳಿತು, "ಒಂದು ಚಮಚ ಸಿರಪ್ ಕುಡಿಸುವುದಕ್ಕೆ ನಿಮಗೇನು ಕಷ್ಟ ಮೇಡಂ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆಯನ್ನು ಈ ವರ್ಷ ಇನ್ನೂ ಕೆಲವರು ಕೇಳಿರುವುದರಿಂದ, ಆ ತಾಯಿಯ ಒಪ್ಪಿಗೆ ಪಡೆದು ಎಲ್ಲರಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಿ ನಮ್ಮವರು ಮಾತನಾಡಿದ ಧಾಟಿ ಒರಟಾಗಿತ್ತು ಎಂಬುದನ್ನು ಒಪ್ಪಿಕೊಂಡು ಅವರಲ್ಲಿ ಕ್ಷಮೆ ಕೇಳಿದ್ದೇನೆ. ಆದರೆ ಔಷಧಿ ಕುಡಿಸದಿದ್ದುದಕ್ಕೆ ಕ್ಷಮೆ ಕೇಳಿಲ್ಲ.

ಆ ಬಾಟಲಿಯನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೆ. ಊಟದ ಡಬ್ಬಿಯ ಪಕ್ಕದಲ್ಲಿ ಕರವಸ್ತ್ರ ಸುತ್ತಿ ಇಟ್ಟಿದ್ದ ಅದರ ಲೇಬಲ್ ಒದ್ದೆಯಾಗಿ ಅರ್ಧ ಕಿತ್ತುಹೋಗಿತ್ತು. ಉಳಿದ ಅರ್ಧದಲ್ಲಿ ಓದಲು ಬರುವಂಥದ್ದು ಏನೂ ಇರಲಿಲ್ಲ. ಜೊತೆಗಿದ್ದ ಚೀಟಿಯಲ್ಲಿ "ಊಟ ಆದ ಮೇಲೆ ಒಂದು ಚಮಚ" ಎಂದಷ್ಟೇ ಬರೆದಿತ್ತು. ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಮಿ.ಗ್ರಾಂ ಇರುವುದೂ ಸಿಗುತ್ತದೆ. ಲೇಬಲ್ ಇಲ್ಲದ ಬಾಟಲಿಯನ್ನು ನೋಡಿ ಅದು ಯಾವುದೆಂದು ಹೇಳುವುದು ಯಾರಿಂದಲೂ ಆಗದು. ಚಮಚ ಒಂದೇ ಆದರೂ ಒಳಗಿನ ಔಷಧಿ ಎರಡು ಪಟ್ಟಾಗಿರಬಹುದು. ಪ್ರಮಾಣ ನಿರ್ಧಾರವಾಗುವುದು ಮಗುವಿನ ತೂಕದ ಮೇಲೆ, ಸಾಮಾನ್ಯವಾಗಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಕನಿಷ್ಠ 4 ಗಂಟೆ ಕಳೆಯಬೇಕು, ದಿನಕ್ಕೆ 4 ಸಲ ಮೀರಬಾರದು. ಹಾಗಾದರೆ ಬೆಳಿಗ್ಗೆ ಏನಾದರೂ ಕುಡಿಸಿದ್ದರೇ ಎಂದು ಶಿಕ್ಷಕಿ ಮಗುವನ್ನೇ ಕೇಳಿದರು. "ಅಮ್ಮ ಗುಲಾಬಿ ಬಣ್ಣದ್ದು ಕೊಟ್ಟರು" ಎಂದಿತು ಮಗು. ಅದು ಇದೇ ಔಷಧಿಯೋ, ಶೀತದ ಔಷಧಿಯೋ, ಕೊಟ್ಟು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಶೀತದ ಎಷ್ಟೋ ಔಷಧಿಗಳಲ್ಲಿಯೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಇಷ್ಟು ಅನುಮಾನಗಳನ್ನು ಇಟ್ಟುಕೊಂಡು ಇನ್ನೊಬ್ಬರ ಮಗುವಿನ ಬಾಯಿಗೆ ಚಮಚ ಹಿಡಿಯುವ ಧೈರ್ಯ ನನಗೂ ಬರುತ್ತಿರಲಿಲ್ಲ.

ಆದರೆ ನಾನು ನಿಜವಾಗಿ ಹೇಳಬೇಕಾಗಿರುವುದು ಆ ಬೆಳಗಿನ ಚಮಚದ ಬಗ್ಗೆ. "ಮನೆಯಿಂದ ಹೊರಡುವಾಗ ಮೈ ತಣ್ಣಗಿತ್ತು" ಎಂದು ಪೋಷಕರು ಹೇಳುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಮೈ ತಣ್ಣಗೇ ಇರುತ್ತದೆ. ಏಳೂವರೆಗೆ ಕುಡಿಸಿದ ಔಷಧಿ ನಾಲ್ಕರಿಂದ ಆರು ಗಂಟೆ ಕೆಲಸ ಮಾಡಿ, ಹನ್ನೊಂದೂವರೆ ದಾಟಿದ ಮೇಲೆ ಯಾವಾಗ ಬೇಕಾದರೂ ಕೈಬಿಡುತ್ತದೆ. ಅಷ್ಟು ಹೊತ್ತಿಗೆ ಮಗು ಅಕ್ಕಪಕ್ಕದವರೊಡನೆ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ನೀರಿನ ಬಾಟಲಿ ಹಂಚಿಕೊಂಡು ಅರ್ಧ ದಿನ ಕಳೆದಿರುತ್ತದೆ. ಔಷಧಿಯಿಂದ ಜ್ವರ ಇಳಿಯುವುದು ಬೇರೆ, ಜ್ವರ ಬಿಡುವುದು ಬೇರೆ. ಸಿರಪ್ಪಿನಿಂದ ಕಾವು ಇಳಿಯುತ್ತದೆಯೇ ಹೊರತು ಸೋಂಕು ಹೋಗುವುದಿಲ್ಲ. ಹಾಗಾಗಿ 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದ ಮಗು, ಜ್ವರದ ಔಷಧಿ ಇಲ್ಲದೆಯೇ ಪೂರ್ತಿ 24 ಗಂಟೆ ಜ್ವರವಿಲ್ಲದೆ ಕಳೆದ ಮೇಲಷ್ಟೇ ಶಾಲೆಗೆ ಬರಬೇಕು ಎಂಬ ನಿಯಮವನ್ನು ಇನ್ನು ಮುಂದೆ ಸಡಿಲಿಸುವುದಿಲ್ಲ.

ಈ "ಔಷಧಿ ಇಲ್ಲದೆಯೇ" ಎಂಬ ಮಾತೇ ಮನೆಗಳಿಗೆ ಹೊರೆಯೆಂದು ನನಗೆ ಗೊತ್ತು. ಇಬ್ಬರೂ ದುಡಿಯುವ ಮನೆಯಲ್ಲಿ, ಅದರಲ್ಲೂ ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳವೇ ಇಲ್ಲವಾಗುವ ಮನೆಯಲ್ಲಿ, ಆಡಿಕೊಂಡಿರುವ ಮಗುವನ್ನು ನೋಡಿಕೊಂಡು ಇನ್ನೊಂದು ದಿನ ಕೂರುವುದು ಸುಲಭವಲ್ಲ. ನಿಮ್ಮನ್ನು ಆ ಬೆಳಗಿನ ಚಮಚದ ಕಡೆಗೆ ತಳ್ಳಿದ್ದರಲ್ಲಿ ಶಾಲೆಯ ಪಾಲೂ ಇದೆ. ಒಂದು ದಿನವೂ ತಪ್ಪಿಸದ ಮಕ್ಕಳಿಗೆ ಪೂರ್ಣ ಹಾಜರಾತಿಯ ಪ್ರಶಸ್ತಿಪತ್ರವನ್ನು ವೇದಿಕೆಯ ಮೇಲೆ ಕೊಡುತ್ತಿದ್ದವರು ನಾವೇ. ಅದನ್ನು ಈ ವರ್ಷದಿಂದ ನಿಲ್ಲಿಸಿದ್ದೇವೆ. ಅನಾರೋಗ್ಯದಿಂದ ತಪ್ಪಿದ ಪಾಠವನ್ನೂ ಕಿರುಪರೀಕ್ಷೆಯನ್ನೂ ಶಿಕ್ಷಕರು ಮತ್ತೆ ಮಾಡಿಸುತ್ತಾರೆ. ಅದಕ್ಕಾಗಿ ಯಾರೂ ಕೇಳಿಕೊಳ್ಳಬೇಕಾಗಿಲ್ಲ. ಆದರೂ 24 ಗಂಟೆ ಎಂದರೆ 24 ಗಂಟೆಯೇ, ಅದೂ ಔಷಧಿ ಇಲ್ಲದೆಯೇ.

ಮೂಗು ಸೋರುತ್ತಿದೆ, ಸಣ್ಣಗೆ ಕೆಮ್ಮುತ್ತಿದೆ, ಆದರೆ ಮಗು ಗೆಲುವಾಗಿದೆ ಎಂದರೆ ಧಾರಾಳವಾಗಿ ಕಳುಹಿಸಿ. ವಾಂತಿ-ಭೇದಿ ಆಗಿದ್ದರೆ ಕೊನೆಯ ಸಲ ಆದಾಗಿನಿಂದ 48 ಗಂಟೆ ಮನೆಯಲ್ಲಿರಲಿ. ಸೀತಾಳೆ ಸಿಡುಬಿನ ಗುಳ್ಳೆಗಳೆಲ್ಲವೂ ಒಣಗಿ ಹಕ್ಕಳೆ ಕಟ್ಟಬೇಕು; ದಡಾರವಾದರೆ ದದ್ದು ಎದ್ದ ಮೇಲೆ 4 ದಿನ, ಮಂಗನಬಾವಾದರೆ ಊತ ಕಂಡ ಮೇಲೆ 5 ದಿನ ಮನೆಯಲ್ಲೇ ಇರಬೇಕು.

ನಿಯಮ ಬಿಗಿಯಾಯಿತೆಂದು ಉಬ್ಬಸ, ಮಧುಮೇಹ, ಮೂರ್ಛೆರೋಗ ಅಥವಾ ತೀವ್ರ ಅಲರ್ಜಿ ಇರುವ ಮಕ್ಕಳ ಪೋಷಕರು ಗಾಬರಿಯಾಗಬೇಡಿ. ಅವರ ಔಷಧಿಯನ್ನು ನಾವು ಎಂದೂ ನಿರಾಕರಿಸಿಲ್ಲ, ನಿರಾಕರಿಸುವುದೂ ಇಲ್ಲ. ಇನ್ಹೇಲರ್ ಮತ್ತು ಅಲರ್ಜಿಯ ತುರ್ತು ಇಂಜೆಕ್ಷನ್ ಕಚೇರಿಯ ಬೀರುವಿನಲ್ಲಿ ಬೀಗದೊಳಗೆ ಇರುವುದಿಲ್ಲ, ಮಗು ಇರುವ ತರಗತಿಯಲ್ಲೇ ಇರುತ್ತವೆ. ಉಸಿರು ಕಟ್ಟಿದ ಮಗುವನ್ನು ನಿಲ್ಲಿಸಿಕೊಂಡು ಬೀಗದ ಕೈ ಹುಡುಕುವಂತಾಗಬಾರದು. ಉಳಿದ ಔಷಧಿಗಳಲ್ಲಿ, ದಿನಕ್ಕೆ ಮೂರು ಸಲದ ಆಂಟಿಬಯಾಟಿಕ್ಕನ್ನು ಶಾಲೆಗೆ ಹೊರಡುವ ಮುನ್ನ, ಮನೆಗೆ ಬಂದ ಕೂಡಲೇ ಮತ್ತು ಮಲಗುವಾಗ ಕೊಡಬಹುದೇ ಎಂದು ವೈದ್ಯರನ್ನೊಮ್ಮೆ ಕೇಳಿ. ಬಹುತೇಕ ಸಂದರ್ಭಗಳಲ್ಲಿ ಆಗುತ್ತದೆ. ಶಾಲೆಯಲ್ಲೇ ಕೊಡಬೇಕಾದದ್ದನ್ನು ಲೇಬಲ್ ಇರುವ ಮೂಲ ಬಾಟಲಿಯಲ್ಲಿ, ವೈದ್ಯರ ಚೀಟಿಯೊಂದಿಗೆ ದೊಡ್ಡವರೇ ಕಚೇರಿಗೆ ತಂದುಕೊಡಬೇಕು.

ಮಕ್ಕಳ ಚೀಲದಲ್ಲಿ ಮಾತ್ರೆ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಿಂದೊಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು, ತಲೆನೋವೆಂದ ಗೆಳತಿಗೆ ತನ್ನ ಮಾತ್ರೆಯನ್ನು ಸ್ಕೇಲಿನಿಂದ ಎರಡು ತುಂಡು ಮಾಡಿ ಅರ್ಧ ಕೊಟ್ಟಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಅವಳನ್ನು ಹೇಗೆ ಬೈಯುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಂಚಿಕೊಂಡು ತಿನ್ನಿ ಎಂದು ಕಲಿಸಿದವರೂ ನಾವೇ ತಾನೇ.

ಮಗು ನಡುವೆ ಹುಷಾರು ತಪ್ಪಿದರೆ ಮಲಗಿಸಿ, ನೀರು ಕುಡಿಸಿ, ಥರ್ಮಾಮೀಟರ್ ಇಟ್ಟು ನೋಡಿ ನಿಮಗೆ ಫೋನ್ ಮಾಡುತ್ತೇವೆ. ನೀವು ಬರುವವರೆಗೆ ಒಬ್ಬರು ಪಕ್ಕದಲ್ಲೇ ಇರುತ್ತಾರೆ. ಮೊದಲ ಸಂಖ್ಯೆಗೆ ಉತ್ತರ ಸಿಗದೆ, ಎರಡನೆಯದು ಹಳೆಯ ಸಂಖ್ಯೆಯಾಗಿ, ಮಗು ಬಾಗಿಲ ಕಡೆಗೇ ನೋಡುತ್ತಾ ಮಲಗಿರುವುದು ಆಗಾಗ ನಡೆಯುತ್ತದೆ.

ಜೊತೆಯಲ್ಲಿರುವ ಆರೋಗ್ಯ ಮಾಹಿತಿ ನಮೂನೆಯನ್ನು ತುಂಬಿ, ಈಗ ಬಳಕೆಯಲ್ಲಿರುವ ಎರಡು ಫೋನ್ ಸಂಖ್ಯೆಗಳೊಂದಿಗೆ ಸಹಿ ಮಾಡಿ ಶುಕ್ರವಾರದೊಳಗೆ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ